ಚಿತ್ರದೊಳಗೊಂದು ಚಿತ್ರ

ದೊಡ್ಡದಾದುದನ್ನು ಸಣ್ಣ ಎಡೆಯಲ್ಲಿ ಅಡಕಮಾಡಿ ತೋರಿಸುವ ಜಾಣ್ಮೆಗೆ ನಮ್ಮ ಹಿರಿಯರು ‘ಕರಿಯನ್ನು ಕನ್ನಡಿಯಲ್ಲಿ ತೋರಿಸುವುದು’ ಎಂಬ ಮಾತನ್ನು ಬಳಸುತ್ತ ಬಂದಿದ್ದಾರೆ. ಆನೆಯು ಮನೆಯ ಬಾಗಿಲನ್ನು ದಾಟಿ ಒಳಗೆ ಬರಲಾರದು. ಆದರೆ ಅಂಗೈಯಗಲದ ಕನ್ನಡಿಯೊಳಗೆ ಸೊಂಡಿಲಿನಿಂದ ಬಾಲದವರೆಗೆ ಪೂರ್ತಿಯಾಗಿ ನಿಲ್ಲಬಲ್ಲದು. ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯನ್ನು ಕಂಡವರು ಇಂಥದೇ ಮತ್ತೊಂದು ಸೊಗಸನ್ನು ಬಲ್ಲರು. ಆಕೆ ಕೈಗನ್ನಡಿಯಲ್ಲಿ ತನ್ನನ್ನು ತಾನು ನೋಡಿಕೊಳ್ಳುತ್ತಿದ್ದಾಳೆ; ನಾವು ಆಕೆಯನ್ನು ನೋಡುತ್ತಿದ್ದೇವೆ. ಒಂದು ನೋಟದೊಳಗೆ ಇನ್ನೊಂದು ನೋಟ ಅಡಗಿದೆ.

ಚಲಚ್ಚಿತ್ರದ ತೆರೆಯ ಮೇಲೆಯೂ ಇಂತಹ ಜಾಣ್ಮೆಯೊಂದುಂಟು. ದೊಡ್ಡ ಚಿತ್ರವೊಂದು ಓಡುತ್ತಿರುವಾಗ ಅದರ ಒಂದು ಮೂಲೆಯಲ್ಲಿ ಚಿಕ್ಕ ಕಿಟಕಿಯಂತೆ ಇನ್ನೊಂದು ಚಿತ್ರವನ್ನು ತೆರೆದಿಡುವುದೇ ಅದು. ಇದನ್ನು ‘ಪಿಕ್ಚರ್ ಇನ್ ಪಿಕ್ಚರ್’ ಎಂದು ಕರೆಯುತ್ತಾರೆ. ನಾವು ಈ ಲೇಖನದಲ್ಲಿ ‘ಒಳಚಿತ್ರ’ ಎಂದು ಕರೆಯುವೆವು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಪಾಠದ ಹಲಗೆ ತೆರೆಯ ತುಂಬ ಕಾಣುತ್ತಿದ್ದು, ಅದರ ಮೂಲೆಯಲ್ಲಿ ಉಪಾಧ್ಯಾಯರ ಮುಖ ಬೆಂಕಿಪೆಟ್ಟಿಗೆಯಷ್ಟು ಅಳತೆಯಲ್ಲಿ ಕಾಣುತ್ತಿದ್ದುದನ್ನು ನಮ್ಮಲ್ಲಿ ಯಾರೂ ಮರೆತಿರಲಾರರು.

ಈ ಒಳಚಿತ್ರವನ್ನು ಮನೆಯ ಗಣಕಯಂತ್ರದಲ್ಲಿಯೇ ರಚಿಸುವ ಬಗೆ ಹೇಗೆ, ರಚಿಸುವಾಗ ಗಮನಿಸಬೇಕಾದುದೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ನಾವು ಹತ್ತನೆಯ ತರಗತಿಯ ಎಂಟು ಮಂದಿ ಕೂಡಿ ಲೋಧಿ ಕಾಲೋನಿಯ ಗೋಡೆಚಿತ್ರಗಳನ್ನು ಕುರಿತು ಒಂದು ಚಿಕ್ಕ ಚಲಚ್ಚಿತ್ರವನ್ನು ತಯಾರಿಸಿದೆವು. ಮೊದಲ ಸಲ ತಪ್ಪಿದೆವು. ಎರಡನೆಯ ಸಲ ತಿದ್ದಿಕೊಂಡೆವು. ನಾವು ಕಲಿತುದರಲ್ಲಿ ಹೆಚ್ಚಿನ ಪಾಲು ಆ ತಪ್ಪಿನಿಂದಲೇ ಬಂದುದರಿಂದ ಅದನ್ನೂ ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದೇವೆ.

ಪೂರ್ವಕಥೆ

ಒಳಚಿತ್ರವು ಗಣಕಯಂತ್ರದೊಡನೆ ಹುಟ್ಟಿದುದೆಂದು ಭಾವಿಸುವುದು ಸರಿಯಲ್ಲ. ಅದು ಚಲಚ್ಚಿತ್ರದಷ್ಟೇ ಹಳೆಯದು. ಇಂಗ್ಲೆಂಡಿನ ಜಿ. ಎ. ಸ್ಮಿತ್ ಎಂಬಾತನು 1898ರಲ್ಲಿ ‘ಸಾಂತಾ ಕ್ಲಾಸ್’ ಎಂಬ ಪುಟ್ಟ ಚಿತ್ರವನ್ನು ತೆಗೆದನು. ಅದರಲ್ಲಿ ಮಕ್ಕಳು ಮಲಗಿರುವ ಕೋಣೆ ಕತ್ತಲಾದೊಡನೆ, ಆ ಕತ್ತಲೆಯ ನಡುವೆ ವೃತ್ತಾಕಾರದ ಒಂದು ಚಿತ್ರ ಮೂಡಿ, ಸಾಂತಾ ಕ್ಲಾಸನು ಮನೆಯ ಮಾಡಿನ ಮೇಲೆ ಬರುತ್ತಿರುವುದು ಕಾಣುತ್ತದೆ. ಒಳಗೆ ನಿದ್ರೆ, ಹೊರಗೆ ಅತಿಥಿ. ಎರಡೂ ಒಂದೇ ಕಾಲದಲ್ಲಿ. ಅಮೆರಿಕದ ಎಡ್ವಿನ್ ಪೋರ್ಟರನು 1903ರಲ್ಲಿ ತೋರಿಸಿದ ‘ಲೈಫ್ ಆಫ್ ಆನ್ ಅಮೆರಿಕನ್ ಫೈರ್‌ಮನ್’ ಚಿತ್ರದಲ್ಲಿಯೂ ಕುಳಿತಲ್ಲಿಯೇ ತೂಕಡಿಸುತ್ತಿರುವ ಅಗ್ನಿಶಾಮಕನ ಕನಸಿನ ತಾಯಿ ಮತ್ತು ಮಗು ಅವನ ಪಕ್ಕದಲ್ಲಿಯೇ ಒಂದು ವೃತ್ತದೊಳಗೆ ಕಾಣಿಸಿಕೊಳ್ಳುತ್ತಾರೆ.

ಆ ದಿನಗಳಲ್ಲಿ ಇದನ್ನು ಸಾಧಿಸಲು ಫಿಲ್ಮಿನ ಒಂದು ಭಾಗಕ್ಕೆ ಬೆಳಕು ತಾಗದಂತೆ ಮರೆಮಾಡಿ ಮೊದಲ ದೃಶ್ಯವನ್ನು ತೆಗೆದು, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮರೆಮಾಡಿದ್ದ ಭಾಗದಲ್ಲಿ ಎರಡನೆಯ ದೃಶ್ಯವನ್ನು ತೆಗೆಯಬೇಕಾಗಿತ್ತು. ಕೈ ಸ್ವಲ್ಪ ತಪ್ಪಿದರೂ ಎರಡು ದೃಶ್ಯಗಳೂ ಕೆಡುತ್ತಿದ್ದವು. ದೂರದರ್ಶನ ಬಂದ ಬಳಿಕ ಇದೇ ಕೆಲಸವನ್ನು ವಿದ್ಯುತ್ ಸಂಕೇತಗಳಿಂದ ಮಾಡುವುದು ಸಾಧ್ಯವಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಜ್ಯೋತಿಯ ಸಮೀಪದೃಶ್ಯವನ್ನು ಕ್ರೀಡಾಂಗಣದ ದೃಶ್ಯದೊಳಗೆ ಒಳಚಿತ್ರವಾಗಿ ತೋರಿಸಿದುದು ಗಣಕವಿಧಾನದ ಮೊದಲ ಪ್ರಯೋಗಗಳಲ್ಲಿ ಒಂದು. ಅಂದು ದೊಡ್ಡ ಯಂತ್ರವೊಂದು ಮಾಡಿದ ಕೆಲಸವನ್ನು ಇಂದು ಶಾಲಾ ಬಾಲಕನ ಗಣಕವೂ ಮಾಡಬಲ್ಲದು.

ಗಣಕದಲ್ಲಿ ಇದು ನಡೆಯುವ ಬಗೆ

ಗಣಕದಲ್ಲಿ ಚಿತ್ರವೆಂದರೆ ಚುಕ್ಕಿಗಳ ಜಾಲ. ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದು ಅಳತೆಯಲ್ಲಿ ಅಡ್ಡಲಾಗಿ 1920 ಚುಕ್ಕಿಗಳೂ ಮೇಲಿನಿಂದ ಕೆಳಕ್ಕೆ 1080 ಚುಕ್ಕಿಗಳೂ ಇರುತ್ತವೆ. ಒಟ್ಟು 20,73,600. ಈ ಚುಕ್ಕಿಗಳಿಗೆ ಪಿಕ್ಸೆಲ್ ಎಂದು ಹೆಸರು. ಪ್ರತಿಯೊಂದು ಚುಕ್ಕಿಯ ಸ್ಥಾನವನ್ನೂ ತೆರೆಯ ಎಡ ಮೇಲ್ತುದಿಯಿಂದ ಎಣಿಸುತ್ತಾರೆ. ರೇಖಾಗಣಿತದ ಪಾಠದಲ್ಲಿ ನಾವು ಕಲಿತ ಅಕ್ಷಗಳೇ ಇಲ್ಲಿಯೂ ಇವೆ. ವ್ಯತ್ಯಾಸವೆಂದರೆ ಇಲ್ಲಿ ಕೆಳಮುಖವಾಗಿ ಹೋದಂತೆ ಲಂಬಾಕ್ಷದ ಸಂಖ್ಯೆ ಹೆಚ್ಚುತ್ತದೆ.

ಸಂಕಲನ ತಂತ್ರಾಂಶವನ್ನು ತೆರೆದರೆ ಕೆಳಭಾಗದಲ್ಲಿ ಒಂದರ ಮೇಲೊಂದು ಸಾಲುಗಳು ಕಾಣುತ್ತವೆ. ಇವುಗಳಿಗೆ ಟ್ರ್ಯಾಕ್ ಎಂದು ಹೆಸರು. ಮೇಲಿನ ಟ್ರ್ಯಾಕಿನಲ್ಲಿರುವ ಚಿತ್ರವು ಕೆಳಗಿನ ಟ್ರ್ಯಾಕಿನ ಚಿತ್ರವನ್ನು ಮುಚ್ಚುತ್ತದೆ. ಮೇಜಿನ ಮೇಲೆ ಒಂದು ಕಾಗದವಿಟ್ಟು ಅದರ ಮೇಲೆ ಇನ್ನೊಂದನ್ನು ಇಟ್ಟಂತೆ. ಮೇಲಿನ ಕಾಗದವನ್ನು ಚಿಕ್ಕದು ಮಾಡಿದರೆ ಅದರ ಸುತ್ತಲೂ ಕೆಳಗಿನದು ಕಾಣುತ್ತದೆ. ಒಳಚಿತ್ರದ ರಹಸ್ಯ ಇಷ್ಟೇ. ಆದುದರಿಂದ ಒಂದಕ್ಕಿಂತ ಹೆಚ್ಚು ಚಿತ್ರದ ಟ್ರ್ಯಾಕುಗಳಿಲ್ಲದ ತಂತ್ರಾಂಶದಲ್ಲಿ ಈ ಕೆಲಸ ನಡೆಯದು. ಒಂದು ಕಾಲದಲ್ಲಿ ಮನೆಮನೆಯಲ್ಲಿದ್ದು, 2017ರಲ್ಲಿ ನಿಂತುಹೋದ ವಿಂಡೋಸ್ ಮೂವಿ ಮೇಕರಿನಲ್ಲಿ ಈ ಕೊರತೆಯಿತ್ತು. ಈಗ ಉಚಿತವಾಗಿ ದೊರೆಯುವ ಕೆಡೆನ್‌ಲೈವ್, ಶಾಟ್‌ಕಟ್, ಓಪನ್‌ಶಾಟ್ ಎಂಬ ಮೂರರಲ್ಲಿಯೂ ಬೇಕಾದಷ್ಟು ಟ್ರ್ಯಾಕುಗಳನ್ನು ಸೇರಿಸಬಹುದು. ಕೆಡೆನ್‌ಲೈವಿನಲ್ಲಿ ‘ಟ್ರಾನ್ಸ್‌ಫಾರ್ಮ್’ ಎಂಬ ಪರಿಣಾಮವನ್ನೂ, ಶಾಟ್‌ಕಟ್‌ನಲ್ಲಿ ‘ಸೈಜ್, ಪೊಸಿಷನ್ ಆ್ಯಂಡ್ ರೊಟೇಟ್’ ಎಂಬ ಫಿಲ್ಟರನ್ನೂ ಮೇಲಿನ ಟ್ರ್ಯಾಕಿನ ಚಿತ್ರಕ್ಕೆ ಹಚ್ಚಿದರೆ, ಅದರ ಅಳತೆ ಮತ್ತು ಸ್ಥಾನವನ್ನು ಅಂಕಿಗಳಿಂದಲೇ ಗೊತ್ತುಮಾಡಬಹುದು.

ಮೇಲಿನ ಚಿತ್ರವು ಕೆಳಗಿನದನ್ನು ಎಷ್ಟರಮಟ್ಟಿಗೆ ಮುಚ್ಚಬೇಕೆಂಬುದನ್ನೂ ನಾವೇ ನಿರ್ಧರಿಸಬಹುದು. ಇದನ್ನು ನೂರಕ್ಕೆ ಇಷ್ಟೆಂದು ಹೇಳುತ್ತಾರೆ. ನೂರು ಎಂದರೆ ಪೂರ್ತಿ ಮರೆ. ಸೊನ್ನೆ ಎಂದರೆ ಮೇಲಿನದು ಅದೃಶ್ಯ. ಐವತ್ತು ಎಂದರೆ ಎರಡು ಚುಕ್ಕಿಗಳ ಬೆಳಕಿನ ಸರಾಸರಿ: ಮೇಲಿನ ಚುಕ್ಕಿಯ ಬೆಳಕು 200, ಕೆಳಗಿನದು 100 ಆಗಿದ್ದರೆ ತೆರೆಯ ಮೇಲೆ 150 ಬೀಳುತ್ತದೆ. ಒಳಚಿತ್ರವು ಒಮ್ಮೆಲೆ ಸಿಡಿದು ಬರದೆ ಮೆಲ್ಲನೆ ಮೂಡಬೇಕಾದರೆ ಒಂದು ಕ್ಷಣದಲ್ಲಿ ಸೊನ್ನೆಯನ್ನೂ ಅರ್ಧ ಸೆಕೆಂಡಿನ ಬಳಿಕ ನೂರನ್ನೂ ಗುರುತುಮಾಡಿದರಾಯಿತು. ನಡುವಿನ ಮೆಟ್ಟಿಲುಗಳನ್ನು ಗಣಕವೇ ತುಂಬಿಕೊಳ್ಳುತ್ತದೆ. ಈ ಗುರುತುಗಳಿಗೆ ಕೀಫ್ರೇಮ್ ಎಂಬ ಹೆಸರಿದೆ.

ನಾವು ಕೈಗೊಂಡ ಕೆಲಸ

ಲೋಧಿ ಕಾಲೋನಿಯು ಬ್ರಿಟಿಷರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, 1940ರ ದಶಕದಲ್ಲಿ, ಸರಕಾರಿ ನೌಕರರ ವಾಸಕ್ಕಾಗಿ ಕಟ್ಟಿದ ಬಡಾವಣೆ. ಖನ್ನಾ ಮಾರುಕಟ್ಟೆಗೂ ಮೆಹರ್‌ಚಂದ್ ಮಾರುಕಟ್ಟೆಗೂ ನಡುವಣ ಬೀದಿಗಳಲ್ಲಿ ನಡೆದುಹೋದರೆ ಎತ್ತರವಾದ ಕಮಾನುಗಳೂ ಅವುಗಳ ಇಕ್ಕೆಲಗಳಲ್ಲಿ ವಿಶಾಲವಾದ ಗೋಡೆಗಳೂ ಕಾಣುತ್ತವೆ. 2015ರ ಸುಮಾರಿನಿಂದ ಸ್ಟಾರ್ಟ್ ಇಂಡಿಯಾ ಫೌಂಡೇಶನ್ ಎಂಬ ಸಂಸ್ಥೆಯು ದೇಶವಿದೇಶಗಳ ಕಲಾವಿದರನ್ನು ಕರೆಯಿಸಿ ಈ ಗೋಡೆಗಳ ಮೇಲೆ ಚಿತ್ರಗಳನ್ನು ಬರೆಯಿಸಿತು. ಐವತ್ತಕ್ಕೂ ಹೆಚ್ಚು ಚಿತ್ರಗಳು ಇಲ್ಲಿ ಮೂಡಿದವು. ಟಿಕೆಟಿಲ್ಲದ, ಬಾಗಿಲಿಲ್ಲದ ಚಿತ್ರಶಾಲೆ ಇದು. ತರಕಾರಿ ಕೊಳ್ಳಲು ಹೋಗುವವನೂ ಶಾಲೆಗೆ ಓಡುವ ಮಗುವೂ ಇದರ ಪ್ರೇಕ್ಷಕರೇ.

ಗೋಡೆಚಿತ್ರಗಳಿಗೆ ಒಳಚಿತ್ರವು ಚೆನ್ನಾಗಿ ಒಪ್ಪುತ್ತದೆಂಬುದು ನಮಗೆ ಮೊದಲ ದಿನವೇ ತಿಳಿಯಿತು. ಗೋಡೆಯನ್ನು ಪೂರ್ತಿಯಾಗಿ ತೋರಿಸಬೇಕಾದರೆ ರಸ್ತೆಯ ಆಚೆಯ ಬದಿಯಲ್ಲಿ ನಿಲ್ಲಬೇಕು; ಆಗ ಕುಂಚದ ಗೆರೆ ಕಾಣದು. ಗೆರೆಯನ್ನು ತೋರಿಸಬೇಕಾದರೆ ಹತ್ತಿರ ಹೋಗಬೇಕು. ಆಗ ಗೋಡೆ ಕಾಣದು. ದೊಡ್ಡ ಚಿತ್ರದಲ್ಲಿ ಗೋಡೆ, ಒಳಚಿತ್ರದಲ್ಲಿ ಗೆರೆ ಎಂದಿಟ್ಟರೆ ಎರಡೂ ಒಟ್ಟಿಗೆ ದೊರೆಯುತ್ತವೆ. ಕಾಲಭೇದವನ್ನು ತೋರಿಸುವುದಕ್ಕೂ ಇದು ಉಪಯುಕ್ತ. ಡಾಕು ಎಂಬ ಹೆಸರಿನ ಕಲಾವಿದನು 2016ರಲ್ಲಿ ಈ ಬಡಾವಣೆಯ ಗೋಡೆಯೊಂದರಲ್ಲಿ ಬಣ್ಣವನ್ನು ಬಿಟ್ಟು ನೆರಳಿನಿಂದ ಬರೆಯುವ ಪ್ರಯೋಗ ಮಾಡಿದನು. ಗೋಡೆಯಿಂದ ಹೊರಕ್ಕೆ ಚಾಚಿದ ಅಕ್ಷರಗಳ ಮೇಲೆ ಬಿಸಿಲು ಬಿದ್ದು, ಅವುಗಳ ನೆರಳು ಗೋಡೆಯ ಮೇಲೆ ಪದಗಳಾಗಿ ಮೂಡುತ್ತದೆ. ಸೂರ್ಯನು ಸರಿದಂತೆ ಪದಗಳೂ ಸರಿಯುತ್ತವೆ. ‘ಕಾಲವು ಎಲ್ಲವನ್ನೂ ಬದಲಿಸುತ್ತದೆ’ ಎಂಬರ್ಥದ ಹೆಸರನ್ನು ಆ ಕೃತಿಗೆ ಇಟ್ಟಿದ್ದಾನೆ. ಇಂತಹ ಗೋಡೆಯ ಮಧ್ಯಾಹ್ನದ ರೂಪವನ್ನು ದೊಡ್ಡದಾಗಿಯೂ ಬೆಳಗಿನ ರೂಪವನ್ನು ಒಳಚಿತ್ರವಾಗಿಯೂ ಇಟ್ಟರೆ, ಸಾವಿರ ಮಾತುಗಳಿಂದ ವಿವರಿಸಲಾಗದುದು ಒಂದು ನೋಟದಲ್ಲಿ ತಿಳಿಯುತ್ತದೆ.

ನಾವು ಐದು ಗೋಡೆಗಳನ್ನು ಆರಿಸಿಕೊಂಡು ಎರಡು ಭಾನುವಾರ ಬೆಳಗಿನ ಹೊತ್ತು ಮೊಬೈಲಿನಿಂದ ಚಿತ್ರಿಸಿದೆವು. ಅವು ಜನರು ವಾಸಿಸುವ ಮನೆಗಳ ಗೋಡೆಗಳು ಎಂಬುದನ್ನು ಮರೆಯಲಾಗದು. ಕಿಟಕಿಗಳು, ಒಣಹಾಕಿದ ಬಟ್ಟೆಗಳು, ಮಹಡಿಯಲ್ಲಿ ನಿಂತ ಹಿರಿಯರು, ಎಲ್ಲವೂ ಚೌಕಟ್ಟಿನೊಳಗೆ ಬರುತ್ತವೆ. ಆದುದರಿಂದ ಮುಖಗಳು ಕಾಣುವೆಡೆ ಅನುಮತಿಯನ್ನು ಕೇಳಿದೆವು. ಒಪ್ಪದವರಿದ್ದಲ್ಲಿ ಮುಂದಿನ ಗೋಡೆಗೆ ಹೋದೆವು.

ಚಿತ್ರಕ್ಕೆ ಕನ್ನಡದ ವಿವರಣೆಯನ್ನು ನಮ್ಮಲ್ಲೊಬ್ಬಳು ಓದಿದಳು. ಆಕೆ ಓದುತ್ತಿರುವುದನ್ನೂ ಚಿತ್ರಿಸಿ ಕೆಳಗಿನ ಬಲಮೂಲೆಯಲ್ಲಿ ಒಳಚಿತ್ರವಾಗಿ ಇಟ್ಟೆವು. ಬಿಳಿಯ ಅಂಚು, ಮೆಲ್ಲನೆಯ ನೆರಳು, ಎಲ್ಲವೂ ಅಚ್ಚುಕಟ್ಟಾಗಿದ್ದವು. ಆರು ನಿಮಿಷಗಳ ಆ ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ಚಪ್ಪಾಳೆಯೂ ದೊರೆಯಿತು.

ಅಂದು ನಮ್ಮ ಸಹಪಾಠಿಯೊಬ್ಬಳ ಅಣ್ಣನೂ ಬಂದಿದ್ದರು. ಅವರಿಗೆ ಹುಟ್ಟಿನಿಂದಲೂ ಕಿವಿ ಕೇಳಿಸುವುದಿಲ್ಲ. ಅವರ ಮಾತೆಲ್ಲ ಸಂಜ್ಞಾಭಾಷೆಯಲ್ಲಿಯೇ. ಚಿತ್ರ ಮುಗಿದ ಮೇಲೆ ಅವರು ತಂಗಿಯ ಕಡೆ ತಿರುಗಿ ಕೈಗಳಿಂದ ಏನನ್ನೋ ಕೇಳಿದರು. ಆಕೆ ಹೇಳಲೋ ಬೇಡವೋ ಎಂದು ತಡೆದಳು. ನಾವು ಒತ್ತಾಯಿಸಿದೆವು.

“ಮೂಲೆಯಲ್ಲಿರುವ ಆ ಹುಡುಗಿ ಯಾರಿಗೆ ಹೇಳುತ್ತಿದ್ದಾಳೆ, ಎಂದು ಅಣ್ಣ ಕೇಳುತ್ತಿದ್ದಾನೆ” ಎಂದಳು.

ನಮ್ಮಲ್ಲಿ ಯಾರಿಗೂ ಉತ್ತರ ತೋಚಲಿಲ್ಲ. ಮಾತನ್ನು ಕೇಳಬಲ್ಲವರಿಗೆ ಆ ಮುಖದಿಂದ ಹೆಚ್ಚಿನ ಪ್ರಯೋಜನವಿರಲಿಲ್ಲ, ಧ್ವನಿಯೇ ಸಾಕಾಗಿತ್ತು. ಕೇಳಲಾರದವರಿಗೆ ಆಡುವ ತುಟಿಗಳಿಂದ ಏನೂ ತಿಳಿಯಲಿಲ್ಲ. ಹಾಗಾದರೆ ಆ ಮೂಲೆಯನ್ನು ನಾವು ಯಾರಿಗಾಗಿ ಕೊಟ್ಟಿದ್ದೆವು? ಅಂದಕ್ಕಾಗಿ ಕೊಟ್ಟಿದ್ದೆವೆಂದೇ ಹೇಳಬೇಕು. ಶಾಲೆಯ ವಾರ್ಷಿಕೋತ್ಸವದಲ್ಲಿ ಚಿತ್ರವನ್ನು ತೋರಿಸುವುದಕ್ಕೆ ಇನ್ನೂ ಮೂರು ವಾರಗಳಿದ್ದವು. ಆ ಮೂಲೆಯನ್ನು ಸಂಜ್ಞಾಭಾಷೆಗೆ ಬಿಟ್ಟುಕೊಡುವುದೆಂದು ನಿಶ್ಚಯಿಸಿದೆವು. ಅಣ್ಣನವರೇ ವಿವರಣೆಕಾರರಾಗಲು ಒಪ್ಪಿದರು.

ಕಾಲುಭಾಗವೆಂಬ ಭ್ರಮೆ

ಸಂಜ್ಞಾಭಾಷೆಯು ಕನ್ನಡವನ್ನೋ ಹಿಂದಿಯನ್ನೋ ಕೈಯಿಂದ ಬರೆದು ತೋರಿಸುವ ಉಪಾಯವಲ್ಲ; ತನ್ನದೇ ಆದ ವ್ಯಾಕರಣವುಳ್ಳ ಪೂರ್ಣವಾದ ಭಾಷೆ. ಭಾರತೀಯ ಸಂಜ್ಞಾಭಾಷೆಯ ಸಂಶೋಧನೆ ಮತ್ತು ಶಿಕ್ಷಣಕ್ಕಾಗಿ ಕೇಂದ್ರ ಸರಕಾರವು 2015ರಲ್ಲಿ ದೆಹಲಿಯಲ್ಲಿಯೇ ಒಂದು ಸಂಸ್ಥೆಯನ್ನು ಸ್ಥಾಪಿಸಿತು. ಅದು 2018ರಲ್ಲಿ ಹೊರತಂದ ಮೊದಲ ನಿಘಂಟಿನಲ್ಲಿ 3,000 ಪದಗಳಿದ್ದವು. 2021ರ ಆವೃತ್ತಿಯ ಹೊತ್ತಿಗೆ ಅವು 10,000ಕ್ಕೆ ಏರಿದವು. ಈ ಭಾಷೆಯಲ್ಲಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬಿಡಿಸಿ ಹೇಳುವಾಗ ಎರಡು ಕೈಗಳೂ ಬೇಕು. ಹುಬ್ಬು ಏರುವುದು, ತಲೆ ಆಡುವುದು ಮುಂತಾದ ಮುಖಭಾವಗಳೂ ವ್ಯಾಕರಣದ ಅಂಗಗಳೇ. ಆದುದರಿಂದ ಒಳಚಿತ್ರದಲ್ಲಿ ಮುಖ, ಎರಡು ಮೊಣಕೈಗಳು, ಬೆರಳುಗಳ ತುದಿ, ಇಷ್ಟೂ ಸ್ಪಷ್ಟವಾಗಿ ಕಾಣಲೇಬೇಕು.

ನಮ್ಮ ಮೊದಲ ಪ್ರಯತ್ನ ಇಲ್ಲಿಯೇ ಮುಗ್ಗರಿಸಿತು. ‘ತೆರೆಯ ಕಾಲುಭಾಗ ಕೊಟ್ಟರೆ ಧಾರಾಳವಾಯಿತು’ ಎಂದು ನಾವು ಅಳತೆಯ ಮನೆಯಲ್ಲಿ 25 ಎಂದು ಬರೆದೆವು. ಅಣ್ಣನವರು ಅದನ್ನು ನೋಡಿ, ಕಣ್ಣುಗಳನ್ನು ಕಿರಿದುಮಾಡಿ ತೆರೆಯ ಹತ್ತಿರ ಹೋಗಿ, ತಲೆಯಾಡಿಸಿದರು. ಕಾರಣವನ್ನು ನಮ್ಮ ಗಣಿತದ ಪುಸ್ತಕವೇ ಹೇಳುತ್ತದೆ. 25 ಎಂಬುದು ಉದ್ದದ ಪ್ರಮಾಣ, ಕ್ಷೇತ್ರದ ಪ್ರಮಾಣವಲ್ಲ. ಅಗಲ ನಾಲ್ಕರಲ್ಲೊಂದಾಗಿ ಎತ್ತರವೂ ನಾಲ್ಕರಲ್ಲೊಂದಾದರೆ ಕ್ಷೇತ್ರವು ಹದಿನಾರರಲ್ಲೊಂದಾಗುತ್ತದೆ. 1920 × 1080ರ ಚಿತ್ರವು 480 × 270ಕ್ಕೆ ಇಳಿದು, ಹದಿನಾರು ಚುಕ್ಕಿಗಳಿದ್ದ ಜಾಗದಲ್ಲಿ ಒಂದೇ ಚುಕ್ಕಿ ಉಳಿಯುತ್ತದೆ. ಪೂರ್ಣ ತೆರೆಯಲ್ಲಿ 20 ಚುಕ್ಕಿಗಳಷ್ಟು ದಪ್ಪವಾಗಿದ್ದ ಬೆರಳು ಐದು ಚುಕ್ಕಿಗಳಿಗೆ ಇಳಿಯಿತು. ಎರಡು ಬೆರಳು ಯಾವುದು, ಮೂರು ಬೆರಳು ಯಾವುದು ಎಂದು ತಿಳಿಯುವಂತಿರಲಿಲ್ಲ.

ಅಳತೆಯ ಅಂಕಿ 25 ಆದರೆ ಕ್ಷೇತ್ರ ಹದಿನಾರರಲ್ಲೊಂದು. 33 ಆದರೆ ಸುಮಾರು ಒಂಬತ್ತರಲ್ಲೊಂದು. 50 ಆದರೆ ಮಾತ್ರ ನಾಲ್ಕರಲ್ಲೊಂದು. ಇದನ್ನು ಬಾಯಿಪಾಠ ಮಾಡಿಕೊಂಡರೆ ಮುಂದೆ ಮೋಸಹೋಗಬೇಕಾಗಿಲ್ಲ.

ಹಾಗಾದರೆ ಎಷ್ಟಿರಬೇಕು? ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಂ ತನ್ನ ಮಾರ್ಗಸೂಚಿಯಲ್ಲಿ, ಸಂಜ್ಞಾಭಾಷೆಯ ಒಳಚಿತ್ರವು ಸಾಮಾನ್ಯವಾಗಿ ಬಲಗಡೆಯಲ್ಲಿದ್ದು ತೆರೆಯ ಆರರಲ್ಲೊಂದು ಪಾಲಿಗೆ ಕಡಮೆಯಾಗಬಾರದೆಂದು ಹೇಳಿದೆ. ನಾವು ಇದನ್ನು ಪ್ರಮಾಣವಾಗಿ ಸ್ವೀಕರಿಸಿದೆವು. 20,73,600ರ ಆರರಲ್ಲೊಂದು ಪಾಲು 3,45,600 ಚುಕ್ಕಿಗಳು. 6ರ ವರ್ಗಮೂಲ ಸುಮಾರು 2.449, ಒಂದನ್ನು ಅದರಿಂದ ಭಾಗಿಸಿದರೆ 0.408. ಅಂದರೆ ಅಳತೆಯ ಮನೆಯಲ್ಲಿ ಬರೆಯಬೇಕಾದ ಅಂಕಿ 41. ನಾವು ಬರೆದಿದ್ದುದು 25!

ಇದಕ್ಕಿಂತಲೂ ಉತ್ತಮವಾದ ಉಪಾಯವೊಂದಿದೆ. ಒಬ್ಬ ವ್ಯಕ್ತಿ ನಿಂತಿರುವ ಅಗಲವಾದ ಚಿತ್ರದಲ್ಲಿ ಎಡಬಲಗಳ ಎಷ್ಟೋ ಭಾಗ ಬರಿಯ ಗೋಡೆ. ಅದನ್ನು ಕುಗ್ಗಿಸಿ ಇಡುವುದು ವ್ಯರ್ಥ. ಎರಡೂ ಬದಿಗಳನ್ನು ಕತ್ತರಿಸಿ 1080 × 1080ರ ಚೌಕವನ್ನಾಗಿ ಮಾಡಿ, ಆ ಚೌಕವನ್ನು 588 × 588ಕ್ಕೆ ಇಳಿಸಿದರೆ ಕ್ಷೇತ್ರ 3,45,744 ಚುಕ್ಕಿಗಳಾಗುತ್ತದೆ, ಆರರಲ್ಲೊಂದಕ್ಕೆ ಕಡಮೆಯಿಲ್ಲ. ಆದರೆ ವ್ಯಕ್ತಿಯ ಗಾತ್ರ ನೂರಕ್ಕೆ 41ರ ಬದಲು 54ರಷ್ಟಾಗುತ್ತದೆ. ಜಾಗ ಅಷ್ಟೇ, ಬೆರಳು ಮಾತ್ರ ದೊಡ್ಡದು.

ಕತ್ತರಿಸುವಾಗ ಇನ್ನೊಂದು ತಪ್ಪು ಮಾಡಿದೆವು. ಅಣ್ಣನವರು ಸುಮ್ಮನೆ ನಿಂತಿದ್ದ ದೃಶ್ಯವನ್ನು ನೋಡಿ ಅಂಚನ್ನು ಗೊತ್ತುಮಾಡಿದೆವು. ಅವರು ಹಾರುವ ಹಕ್ಕಿಗಳ ಗೋಡೆಯನ್ನು ವಿವರಿಸುತ್ತ ತೋಳುಗಳನ್ನು ಅಗಲಿಸಿದಾಗ ಕೈಗಳು ಚೌಕಟ್ಟಿನಿಂದ ಹೊರಗೆ ಹೋದವು. “ನನ್ನ ಮಾತನ್ನು ಅರ್ಧಕ್ಕೆ ಕತ್ತರಿಸಿದ್ದೀರಿ” ಎಂದು ಅವರು ತಂಗಿಯ ಮೂಲಕ ಹೇಳಿಸಿದರು. ಕೈ ಕತ್ತರಿಸಿದುದು ನಮ್ಮ ಕಣ್ಣಿಗೆ ಬಿದ್ದಿತ್ತು. ಮಾತು ಕತ್ತರಿಸಿದುದು ಅವರು ಹೇಳಿದ ಮೇಲೆಯೇ ತಿಳಿಯಿತು. ಕ್ಯಾಮರಾವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ, ಮೊದಲು ಅವರಿಂದ ತೋಳುಗಳನ್ನು ಪೂರ್ತಿ ಚಾಚಿಸಿ, ಅಂಚುಗಳನ್ನು ಗುರುತುಮಾಡಿಕೊಂಡು ಮತ್ತೆ ಚಿತ್ರಿಸಿದೆವು. ಹಿಂದೆ ಬಣ್ಣದ ಪರದೆಯ ಬದಲು ಬರಿಯ ಗೋಡೆ. ಮೈಮೇಲೆ ಗೆರೆಯಂಗಿಯ ಬದಲು ಕೈಗಳ ಬಣ್ಣದಿಂದ ಬೇರೆಯಾಗಿ ಕಾಣುವ ಒಂದೇ ಬಣ್ಣದ ಅಂಗಿ. ಬೆಳಕು ಮುಖದ ಎದುರಿನಿಂದ.

ಮುಚ್ಚದೆ ಕೂಡಿಸುವ ಬಗೆ

588 ಚುಕ್ಕಿಗಳ ಚೌಕವು ಅಲ್ಪವಾದುದಲ್ಲ. ಅದನ್ನು ಕೆಳಗಿನ ಬಲಮೂಲೆಯಲ್ಲಿಟ್ಟಾಗ ತೆರೆಯ ಎತ್ತರದ ಅರ್ಧಕ್ಕಿಂತ ಹೆಚ್ಚನ್ನು ಅದೇ ನುಂಗಿತು. ಗೋಡೆಯ ಎತ್ತರವನ್ನು ತಿಳಿಸುವುದಕ್ಕಾಗಿ ನಾವು ಬುಡದಲ್ಲಿ ನಿಲ್ಲಿಸಿದ್ದ ಹುಡುಗನು ಅದರ ಹಿಂದೆ ಮರೆಯಾದನು. ಒಬ್ಬರಿಗೆ ಕಾಣಿಸಲು ಹೋಗಿ ಇನ್ನೊಬ್ಬರಿಗೆ ಮುಚ್ಚಿದಂತಾಯಿತು.

ಬಹಳ ಹೊತ್ತು ಚೌಕವನ್ನು ಮೂಲೆಯಿಂದ ಮೂಲೆಗೆ ಓಡಾಡಿಸಿದೆವು. ಕೊನೆಗೆ ದೊಡ್ಡ ಚಿತ್ರವೇಕೆ ತೆರೆಯ ತುಂಬ ಇರಬೇಕೆಂಬ ಪ್ರಶ್ನೆ ಹೊಳೆಯಿತು. ಅದನ್ನೂ ಕುಗ್ಗಿಸಬಹುದಲ್ಲವೆ? ದೊಡ್ಡ ಚಿತ್ರವನ್ನು ನೂರಕ್ಕೆ 65ಕ್ಕೆ ಇಳಿಸಿದರೆ 1248 × 702 ಆಗುತ್ತದೆ. ಅದರ ಅಗಲಕ್ಕೆ ಚೌಕದ 588ನ್ನು ಕೂಡಿಸಿದರೆ 1836. ತೆರೆಯ 1920ರಲ್ಲಿ ಉಳಿಯುವುದು 84. ಇದನ್ನು ಮೂರು ಪಾಲು ಮಾಡಿದರೆ ಎಡಗಡೆ 28, ನಡುವೆ 28, ಬಲಗಡೆ 28. ಹೀಗೆ ದೊಡ್ಡ ಚಿತ್ರದ ಎಡ ಮೇಲ್ತುದಿಯನ್ನು ಅಡ್ಡ 28, ಕೆಳಕ್ಕೆ 189ರಲ್ಲಿಯೂ, ಚೌಕದ ತುದಿಯನ್ನು ಅಡ್ಡ 1304, ಕೆಳಕ್ಕೆ 246ರಲ್ಲಿಯೂ ಇಟ್ಟರೆ ಎರಡೂ ಒಂದನ್ನೊಂದು ಮುಟ್ಟದೆ ನಡುಮಟ್ಟದಲ್ಲಿ ನಿಲ್ಲುತ್ತವೆ. ದೊಡ್ಡ ಚಿತ್ರದ ಕೆಳಗೆ 189 ಚುಕ್ಕಿಗಳ ಎತ್ತರದ ಪಟ್ಟಿ ಉಳಿಯುತ್ತದೆ. ಅಲ್ಲಿ ಕನ್ನಡದ ವಿವರಣೆಯನ್ನು ಅಕ್ಷರಗಳಲ್ಲಿ ಕೊಡಬಹುದು. ಎಲ್ಲಕ್ಕೂ ಹಿಂದೆ, ಎಲ್ಲಕ್ಕಿಂತ ಕೆಳಗಿನ ಟ್ರ್ಯಾಕಿನಲ್ಲಿ, ಗಾಢವಾದ ಒಂದೇ ಬಣ್ಣ.

ಇದು ಶುದ್ಧವಾದ ಒಳಚಿತ್ರವಲ್ಲ, ಅಕ್ಕಪಕ್ಕದ ಚಿತ್ರ ಎಂದು ಆಕ್ಷೇಪಿಸುವವರಿರಬಹುದು. ತಂತ್ರವು ಒಂದೇ, ಅಳತೆ ಮತ್ತು ಸ್ಥಾನ ಮಾತ್ರ ಬೇರೆ. ಆದರೆ ಇದನ್ನು ದೂರದರ್ಶನದ ಪೆಟ್ಟಿಗೆಯಲ್ಲಿ ನೋಡುವುದಾದರೆ ಸುತ್ತಲೂ ನೂರಕ್ಕೆ ಐದರಷ್ಟು ಅಂಚನ್ನು ಬಿಡುವುದು ಲೇಸು. ಕೆಲವು ಪೆಟ್ಟಿಗೆಗಳು ಚಿತ್ರದ ಅಂಚನ್ನು ನುಂಗುತ್ತವೆ. ನಮ್ಮದು ಪ್ರೊಜೆಕ್ಟರಿನಿಂದ ಪೂರ್ತಿಯಾಗಿ ತೆರೆಯ ಮೇಲೆ ಬೀಳುವುದಾಗಿದ್ದುದರಿಂದ 28 ಚುಕ್ಕಿಗಳು ಸಾಕಾದವು.

ಕಣ್ಣಿಗೆ ಬಿಡುವು

ಎರಡು ಚಿತ್ರಗಳ ಕಾಲವನ್ನು ಹೊಂದಿಸುವುದು ಮುಂದಿನ ಕೆಲಸ. ಅಣ್ಣನವರು ಚಿತ್ರವನ್ನು ಗಣಕದಲ್ಲಿ ನೋಡುತ್ತ ಸಂಜ್ಞೆ ಮಾಡಿದರು. ಚಿತ್ರದ ಮೊದಲಿಗೆ ಮೂರು, ಎರಡು, ಒಂದು ಎಂಬ ಅಂಕಿಗಳನ್ನು ಸೇರಿಸಿದ್ದೆವು. ಒಂದು ಮಾಯವಾದೊಡನೆ ಅವರು ಒಮ್ಮೆ ಕೈತಟ್ಟಿದರು. ಅಂಗೈಗಳು ಕೂಡಿದ ಆ ಕ್ಷಣವನ್ನು ಅಂಕಿ ಮಾಯವಾದ ಕ್ಷಣಕ್ಕೆ ಸರಿಯಾಗಿ ಇಟ್ಟರೆ ಎರಡೂ ಹೊಂದಿಕೊಳ್ಳುತ್ತವೆ. ಒಂದು ಕ್ಯಾಮರಾ ಸೆಕೆಂಡಿಗೆ 25 ಚಿತ್ರಗಳನ್ನೂ ಇನ್ನೊಂದು 30ನ್ನೂ ತೆಗೆಯುತ್ತಿದ್ದರೆ ಕೈಗಳ ಚಲನೆ ತಡೆತಡೆದು ಕಾಣುವುದುಂಟು. ಆದುದರಿಂದ ಮೊದಲೇ ಎರಡನ್ನೂ ಒಂದೇ ಸಂಖ್ಯೆಗೆ ಇಡತಕ್ಕದ್ದು. ಒಳಚಿತ್ರದ ಧ್ವನಿಯನ್ನು ಮುಚ್ಚಬೇಕು. ಇಲ್ಲದಿದ್ದರೆ ಆ ಕೋಣೆಯ ಫ್ಯಾನಿನ ಸದ್ದು ವಿವರಣೆಯೊಡನೆ ಬೆರೆಯುತ್ತದೆ.

ಆದರೆ ಕಾಲಕ್ಕೆ ಸಂಬಂಧಿಸಿದ ದೊಡ್ಡ ಪಾಠ ಇದಾವುದೂ ಅಲ್ಲ. ಕೇಳಬಲ್ಲವನ ಕಿವಿಯು ವಿವರಣೆಯನ್ನು ಕೇಳುತ್ತಿರುವಾಗ ಕಣ್ಣು ಬಿಡುವಾಗಿದ್ದು ಗೋಡೆಯನ್ನು ನೋಡುತ್ತಿರುತ್ತದೆ. ಕಿವಿ ಕೇಳಿಸದವನಿಗೆ ಎರಡು ಕೆಲಸವನ್ನೂ ಕಣ್ಣೇ ಮಾಡಬೇಕು. ಕೈಗಳನ್ನು ನೋಡುತ್ತಿದ್ದರೆ ಗೋಡೆ ತಪ್ಪುತ್ತದೆ. ಗೋಡೆಯನ್ನು ನೋಡಿದರೆ ಮಾತು ತಪ್ಪುತ್ತದೆ. ನಮ್ಮ ಆರು ನಿಮಿಷಗಳ ಚಿತ್ರದಲ್ಲಿ ವಿವರಣೆಯು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಅಣ್ಣನವರು ಹೇಳಿದುದೇನೆಂದರೆ, “ನನ್ನ ಕೈಗಳು ಇಳಿದ ಮೇಲೆ ಗೋಡೆಯನ್ನು ಇನ್ನೂ ಸ್ವಲ್ಪ ಹೊತ್ತು ಬಿಡಿ.”

ಅಂತೆಯೇ ಮಾಡಿದೆವು. ಪ್ರತಿಯೊಂದು ಗೋಡೆಯ ವಿವರಣೆ ಮುಗಿದೊಡನೆ ಚೌಕವು ಮೆಲ್ಲನೆ ಮರೆಯಾಗುತ್ತದೆ. ದೊಡ್ಡ ಚಿತ್ರವು ನೂರಕ್ಕೆ 65ರಿಂದ ನೂರಕ್ಕೆ ಏರಿ ತೆರೆಯನ್ನು ತುಂಬುತ್ತದೆ. ಎಂಟರಿಂದ ಹತ್ತು ಸೆಕೆಂಡು ಮಾತಿಲ್ಲದೆ ನಿಲ್ಲುತ್ತದೆ. ಮತ್ತೆ ಹಿಂದಿನಂತೆ ಇಳಿಯುತ್ತದೆ. ಇದೆಲ್ಲವೂ ನಾಲ್ಕು ಕೀಫ್ರೇಮುಗಳ ಕೆಲಸ. ಚಿತ್ರವು ಏಳು ನಿಮಿಷಕ್ಕೆ ಬೆಳೆಯಿತು. ಕೇಳಬಲ್ಲ ನಮಗೂ ಆ ಮೌನದಲ್ಲಿಯೇ ಗೋಡೆಗಳು ಮೊದಲ ಬಾರಿಗೆ ಸರಿಯಾಗಿ ಕಂಡವು ಎಂದರೆ ಅತಿಶಯೋಕ್ತಿಯಲ್ಲ. ಅಷ್ಟು ದಿನ ನಾವು ಅವುಗಳ ಮೇಲೆ ಮಾತನ್ನು ಹೊದಿಸುತ್ತ ಬಂದಿದ್ದೆವು.

ಕೆಲವು ಎಚ್ಚರಿಕೆಗಳು

ಒಳಚಿತ್ರವನ್ನು ರಚಿಸುವ ಮಿತ್ರರಿಗೆ ನಮ್ಮ ಅನುಭವದಿಂದ ಹೇಳಬಹುದಾದ ಮಾತುಗಳು ಕೆಲವೇ. ಒಳಚಿತ್ರಕ್ಕೆ ಕೆಲಸವಿಲ್ಲದಿರುವಾಗ ಅದನ್ನು ತೆಗೆದುಬಿಡಬೇಕು. ಖಾಲಿ ಕುರ್ಚಿಯನ್ನು ಸಭೆಯ ನಡುವೆ ಇಡಬಾರದು. ಒಂದು ಚಿತ್ರದೊಳಗೆ ಎರಡು ಮೂರು ಕಿಟಕಿಗಳನ್ನು ತೆರೆಯುವುದು ಸುಲಭವಾದರೂ ನೋಡುವ ಕಣ್ಣುಗಳು ಎರಡೇ, ಗಮನ ಒಂದೇ. ತಿರುಗುವ, ಕುಣಿಯುವ, ಹಾರಿಬರುವ ಪರಿಣಾಮಗಳನ್ನು ತಂತ್ರಾಂಶವು ಧಾರಾಳವಾಗಿ ಕೊಡುತ್ತದೆ. ಅವು ಮದುವೆಯ ಮನೆಯ ಚಿತ್ರಕ್ಕೆ ಒಪ್ಪಬಹುದು, ಪಾಠದ ಚಿತ್ರಕ್ಕೆ ಒಪ್ಪವು. ಅಳತೆಯನ್ನು ಗಣಕದ ಹತ್ತಿರ ಕುಳಿತು ನಿರ್ಧರಿಸದೆ, ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತು ನೋಡಿ ನಿರ್ಧರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾರಿಗಾಗಿ ಒಳಚಿತ್ರವನ್ನು ಇಡುತ್ತೇವೆಯೋ ಅವರಿಗೆ ಮೊದಲು ತೋರಿಸಬೇಕು. ನಮ್ಮ ಎಂಟು ಮಂದಿಯ ಹದಿನಾರು ಕಣ್ಣುಗಳಿಗೆ ಕಾಣದ ದೋಷವು ಅಣ್ಣನವರ ಕಣ್ಣುಗಳಿಗೆ ಒಂದು ನಿಮಿಷದಲ್ಲಿ ಕಂಡಿತು.

ವಾರ್ಷಿಕೋತ್ಸವದ ಸಂಜೆ ಅಣ್ಣನವರು ತಮ್ಮ ನಾಲ್ವರು ಸ್ನೇಹಿತರನ್ನೂ ಕರೆತಂದಿದ್ದರು. ಅವರು ಮೂರನೆಯ ಸಾಲಿನಲ್ಲಿ ಕುಳಿತರು. ಗೋಡೆಯೊಂದರ ಬುಡದಲ್ಲಿ ಮಲಗಿದ್ದ ನಾಯಿಯು ಚಿತ್ರದ ಹಕ್ಕಿಯನ್ನು ನಿಜವೆಂದು ಭಾವಿಸಿ ತಲೆಯೆತ್ತಿ ನೋಡುತ್ತಿರುವಂತೆ ಕಾಣುವ ದೃಶ್ಯವೊಂದು ನಮ್ಮ ಚಿತ್ರದಲ್ಲಿತ್ತು. ಅಣ್ಣನವರು ಅದನ್ನು ಕೈಗಳಿಂದಲೂ ಮುಖದಿಂದಲೂ ಅಭಿನಯಿಸಿದುದು ಓದಿದ ವಿವರಣೆಗಿಂತ ಒಂದೆರಡು ಕ್ಷಣ ಮುಂದಿತ್ತು. ಆದುದರಿಂದ ಸಭೆಯಲ್ಲಿ ನಗು ಮೊದಲು ಎದ್ದುದು ಮೂರನೆಯ ಸಾಲಿನಿಂದ. ಉಳಿದವರು ಏನೆಂದು ಅತ್ತ ತಿರುಗಿ ನೋಡಿ, ಬಳಿಕ ಧ್ವನಿಯನ್ನು ಕೇಳಿ ನಕ್ಕರು. ಅಂದು ಆ ಒಂದು ಕ್ಷಣ ಕೇಳಬಲ್ಲವರೇ ಹಿಂದೆ ಉಳಿದಿದ್ದರು.

ಕನ್ನಡಿ ಚಿಕ್ಕದೆಂಬುದು ದೋಷವಲ್ಲ. ಚಿಕ್ಕ ಕನ್ನಡಿಯಲ್ಲಿಯೂ ಆನೆ ಕಾಣಬಹುದು. ಆದರೆ ಅದನ್ನು ಯಾರ ಮುಖದ ಎದುರಿಗೆ ಹಿಡಿಯುತ್ತಿದ್ದೇವೆ ಎಂಬುದನ್ನು ಮೊದಲು ಯೋಚಿಸಬೇಕು. ಅಳತೆಯ ಅಂಕಿಗಳನ್ನು ಆ ಮೇಲೆ ಬರೆಯಬಹುದು.